ತಂಗಿಯ ಮನೆಗೆ ನಾನು ಕಟ್ಟಿದ ಬೆಲೆ

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಸುಳ್ಳು. ಮಾಡಿದ್ದು ನಾನು, ಉಂಡದ್ದು ನನ್ನ ತಂಗಿ. ಅದೂ ನಾನು ಮಾಡಿದ್ದು ಕಳ್ಳತನವಲ್ಲ, ಕುಡಿತವಲ್ಲ. ಒಂದು ಅರ್ಜಿಯ ಮೇಲಿದ್ದ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಬರೆದೆ, ಅಷ್ಟೇ. ಅಕ್ಷರ ಮಾತ್ರ ಮುತ್ತು ಪೋಣಿಸಿದಂತಿತ್ತು.

ನಾನು ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು. ವಿಮಾನ ಅಂದ ಕೂಡಲೇ ಊರ ಕಡೆಯ ಜನ ಕಣ್ಣರಳಿಸುತ್ತಾರೆ. ನಾನು ವಿಮಾನದ ಒಂದು ಮೊಳೆ ಮುಟ್ಟಿದವನಲ್ಲ, ಲೆಕ್ಕದ ವಿಭಾಗದವನು. ಯಾವ ಯಂತ್ರ ಯಾವಾಗ ಬಂತು, ವರ್ಷಕ್ಕೆ ಎಷ್ಟು ಸವೆಯಿತು, ಈಗ ಪುಸ್ತಕದಲ್ಲಿ ಅದರ ಬೆಲೆ ಎಷ್ಟು ಉಳಿಯಿತು ಎಂದು ಬರೆಯುವುದೇ ನನ್ನ ಕೆಲಸ. ಕನ್ನಡದಲ್ಲಿ ಸವಕಳಿ, ಇಲ್ಲಿಯ ಮರಾಠಿಯವರ ಬಾಯಲ್ಲಿ ಘಸಾರಾ. ಹತ್ತು ವರ್ಷದ ಲೇಥ್ ಯಂತ್ರ ಇನ್ನೂ ಗರಗರ ತಿರುಗುತ್ತಿದ್ದರೂ ನನ್ನ ಪುಸ್ತಕದಲ್ಲಿ ಅದು ಮುದುಕ. ಅಂಗಡಿಯವನು ಹೊಸದಕ್ಕೆ ಎಷ್ಟು ಕೇಳುತ್ತಾನೆ ಎಂಬುದು ನನಗೆ ಬೇಕಾಗಿಯೇ ಇರಲಿಲ್ಲ. ಅದು ಖರೀದಿ ವಿಭಾಗದವರ ತಲೆನೋವು.

ನಿವೃತ್ತಿಯ ನಂತರ ನಾಶಿಕದಲ್ಲಿ ಮನೆ ಮಾಡಿದೆ. ಇಲ್ಲಿಯ ಕನ್ನಡದವರ ಯಾವ ಕಾಗದ ಬಂದರೂ ನನ್ನ ಮನೆಗೇ ಬರುತ್ತಿತ್ತು. ಪಿಂಚಣಿ ಅರ್ಜಿ, ಬ್ಯಾಂಕಿನ ಅರ್ಜಿ, ರೇಷನ್ ಕಾರ್ಡು. ನಾನು ಚಷ್ಮಾ ಏರಿಸಿ, ಕೆಂಪು ಪೆನ್ನು ಹಿಡಿದು, ಎದುರಿನವರ ತಪ್ಪುಗಳನ್ನು ತಿದ್ದುತ್ತಿದ್ದೆ. ನನ್ನ ಹೆಂಡತಿ ಒಳಗಿನಿಂದಲೇ ನಗುತ್ತಿದ್ದಳು. ಸಾಹೇಬರ ಕಚೇರಿ ಶುರುವಾಯಿತು, ಚಹಾ ಇಡಲೋ ಸ್ಟಾಂಪು ತರಲೋ ಎಂದು ಕೇಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಸುಳ್ಳಲ್ಲ, ಆದರೆ ಒಳಗೊಳಗೇ ಹಿಗ್ಗೂ ಇತ್ತು.

ತಂಗಿ ಇರುವುದು ಸಂಭಾಜಿನಗರದಲ್ಲಿ. ನನಗಿಂತ ಆರು ವರ್ಷ ಚಿಕ್ಕವಳು. ಅವಳ ಗಂಡ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿದ್ದವರು, ತಾವೇ ನಿಂತು ಇಟ್ಟಿಗೆ ಇಟ್ಟಿಗೆ ನೋಡಿ ಎರಡಂತಸ್ತಿನ ಮನೆ ಕಟ್ಟಿಸಿದರು. ಕಟ್ಟಿಸಿ ಎಂಟು ವರ್ಷ ಆಗಿತ್ತು, ಹೃದಯಾಘಾತದಲ್ಲಿ ಹೋದರು. ಮಕ್ಕಳಿಲ್ಲ. ತಂಗಿ ಕೆಳಗೆ ಇದ್ದುಕೊಂಡು, ಮೇಲಿನ ಮೂರು ಕೋಣೆಗಳನ್ನು ಕಾಲೇಜಿಗೆ ಬರುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಟ್ಟಳು. ಆ ಬಾಡಿಗೆಯೇ ಅವಳ ಅನ್ನ. ಹುಡುಗಿಯರ ಗದ್ದಲವೇ ಅವಳ ಸಂಸಾರ. ಪರೀಕ್ಷೆಯ ದಿನ ಒಬ್ಬೊಬ್ಬಳ ಅಂಗೈಗೂ ಮೊಸರು ಸಕ್ಕರೆ ಹಾಕದೆ ಕಳಿಸಿದವಳಲ್ಲ.

ಅವಳ ಮನೆಯಲ್ಲಿ ನಮ್ಮ ಅವ್ವನ ಕಾಲದ ಒಂದು ಪದ್ಧತಿ ಇನ್ನೂ ನಡೆಯುತ್ತದೆ. ಹೊರಗಿನಿಂದ ಯಾರೇ ಹೊಸ್ತಿಲು ದಾಟಿ ಬರಲಿ, ಮೊದಲು ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ಒಂದು ತಂಬಿಗೆ ನೀರು. ಮೀಟರ್ ನೋಡಲು ಬಂದವನಿಗೂ ಅದೇ, ಕೊರಿಯರ್ ತಂದವನಿಗೂ ಅದೇ. ಮನೆಯವರಿಗೆ ಮಾತ್ರ ಈ ಮರ್ಯಾದೆ ಇಲ್ಲ. ನಾನು ನಾಶಿಕದಿಂದ ನಾಲ್ಕೈದು ತಾಸು ಬಸ್ಸಿನಲ್ಲಿ ಕುಕ್ಕರಿಸಿಕೊಂಡು ಬಂದು ನೀರು ಅಂದರೆ, ಕೊಡ ಅಲ್ಲೇ ಇದೆಯಲ್ಲ, ಕೈಗೆ ಮೆಹಂದಿ ಹಚ್ಚಿಕೊಂಡಿದ್ದೀಯೇನು ಅನ್ನುತ್ತಿದ್ದಳು. ನಾನು ಎದ್ದು ಹೋಗಿ ಕುಡಿಯುತ್ತಿದ್ದೆ.

ಎರಡು ವರ್ಷದ ಹಿಂದೆ ದೀಪಾವಳಿಯ ಭಾವುಬೀಜ್‌ಗೆ ಹೋಗಿದ್ದೆ. ಈ ಕಡೆ ಅಂದು ಅಣ್ಣ ತಂಗಿಯ ಮನೆಗೆ ಹೋಗಬೇಕು, ಅವಳು ಆರತಿ ಮಾಡಬೇಕು, ಅವನು ಏನಾದರೂ ಕೊಡಬೇಕು. ಸೀರೆ ಕೊಟ್ಟೆ. ಮರುದಿನವೂ ಉಳಿದೆ. ಆಗ ಬಂದವಳು ವಿಮೆಯ ಏಜೆಂಟ್, ಇಪ್ಪತ್ತೈದರ ಒಳಗಿನ ಹುಡುಗಿ. ಬೆಂಕಿ, ಭೂಕಂಪ, ನೆರೆ ಯಾವುದಕ್ಕೂ ಒಂದು ವಿಮೆ ಇರಲಿ ಎಂದು ತಂಗಿಯೇ ಕರೆಸಿದ್ದಳು. ಮೇಲೆ ಬಾಡಿಗೆಯವರನ್ನು ಇಟ್ಟಿದ್ದರಿಂದ ಅದು ಬರೀ ಮನೆಯ ವಿಮೆ ಆಗುವುದಿಲ್ಲ, ವ್ಯವಹಾರದ ಲೆಕ್ಕಕ್ಕೆ ಬರುತ್ತದೆ ಎಂದಳು ಆ ಹುಡುಗಿ. ಬೆಲ್ಲ ನೀರು ಮುಗಿಸಿ ಟೇಪು ಹಿಡಿದು ಕೆಳಗೆ ಮೇಲೆ ಅಳೆದಳು. ಚದರ ಅಡಿ ಎಷ್ಟು, ಈಗ ಒಂದು ಅಡಿ ಕಟ್ಟಲು ಗುತ್ತಿಗೆದಾರ ಎಷ್ಟು ತೆಗೆದುಕೊಳ್ಳುತ್ತಾನೆ, ಗುಣಿಸಿದಳು. ಜಾಗದ ಬೆಲೆ ಬಿಟ್ಟು ಮೂವತ್ತಮೂರು ಲಕ್ಷ ಎಂದು ಅರ್ಜಿಯಲ್ಲಿ ಬರೆದಳು.

ನಾನು ನಕ್ಕುಬಿಟ್ಟೆ. ಕಟ್ಟಿಸುವಾಗಲೇ ಇಪ್ಪತ್ತೆರಡು ಲಕ್ಷ ಬಿದ್ದ ಮನೆ ಹತ್ತು ವರ್ಷ ಹಳೆಯದಾದ ಮೇಲೆ ಮೂವತ್ತಮೂರು ಹೇಗಾಗುತ್ತದೆ ಎಂದು ಕೇಳಿದೆ. ಅವಳು ಪಾಪ ತಾಳ್ಮೆಯಿಂದ ಮರಾಠಿಯಲ್ಲಿ ಹೇಳಿದಳು, ಕಾಕಾ, ಈ ಮನೆ ನಾಳೆ ಇಲ್ಲ ಅಂತ ತಿಳಿಯಿರಿ, ಮತ್ತೆ ಇದನ್ನೇ ಕಟ್ಟಲು ಎಷ್ಟು ಬೇಕು ಅನ್ನುವುದನ್ನು ಇಲ್ಲಿ ಬರೆಯಬೇಕು. ತಂಗಿ ಗಾಬರಿಯಾಗಿ, ಬಿಡ್ತು ಅನ್ನವ್ವಾ, ಹಬ್ಬದ ದಿನಗಳಲ್ಲಿ ಎಂಥಾ ಮಾತು ಎಂದಳು. ನನಗೂ ಅದೇ ನೆಪವಾಯಿತು. ಮೂವತ್ತೆರಡು ವರ್ಷ ಸವಕಳಿ ಲೆಕ್ಕ ಹಾಕಿದವನಿಗೆ ನಿನ್ನೆ ಹುಟ್ಟಿದ ನೀನು ಕಲಿಸುತ್ತೀಯೇನು, ಹೆಚ್ಚು ಬರೆದರೆ ನಿನಗೆ ಕಮಿಷನ್ ಹೆಚ್ಚಲ್ಲವೇ ಎಂದೆ. ಹುಡುಗಿಯ ಮುಖ ಬಾಡಿತು. ನಾನು ಒಂದು ಹಾಳೆಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದೆ. ಇಪ್ಪತ್ತೆರಡರಲ್ಲಿ ವರ್ಷ ವರ್ಷ ಕಳೆಯುತ್ತ ಹೋಗಿ ಹದಿನಾಲ್ಕಕ್ಕೆ ತಂದು ನಿಲ್ಲಿಸಿದೆ. ಅವಳ ಅಂಕಿಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ನನ್ನ ಹದಿನಾಲ್ಕು ಲಕ್ಷ, ಅಕ್ಷರದಲ್ಲೂ ಅಂಕಿಯಲ್ಲೂ. ತಂಗಿ ನೋಡದೆ ಸಹಿ ಹಾಕಿದಳು. ಅಣ್ಣ ಬರೆದದ್ದನ್ನು ಅವಳು ಯಾಕೆ ನೋಡಬೇಕು?

ಉಳಿದದ್ದು ವರ್ಷಕ್ಕೆ ಸಾವಿರ ರೂಪಾಯಿಯೂ ಇಲ್ಲ. ಆ ಉಳಿತಾಯಕ್ಕೆ ತಂಗಿ ಶೇಂಗಾ ಹೋಳಿಗೆ ಮಾಡಿ ಹಾಕಿದಳು. ನಮ್ಮಣ್ಣ ಏಜೆಂಟಳನ್ನು ಹೇಗೆ ದಾರಿಗೆ ತಂದ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ನಾನು ಎರಡು ಹೋಳಿಗೆ ಹೆಚ್ಚೇ ತಿಂದೆ.

ಈ ಸಲದ ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ತಂಗಿಯ ಫೋನು ಬಂತು. ರಜೆಗೆ ಹುಡುಗಿಯರೆಲ್ಲ ಊರಿಗೆ ಹೋಗಿದ್ದರು. ಮೇಲಿನ ಗೋಡೆಯೊಳಗಿನ ವೈರು ಸುಟ್ಟು ಬೆಂಕಿ ಹತ್ತಿತ್ತು. ಗಾದಿ, ಕಪಾಟು, ಬಾಗಿಲು, ಕಿಟಕಿ ಎಲ್ಲ ಹೊತ್ತಿಕೊಂಡು, ಅಗ್ನಿಶಾಮಕದವರು ಆರಿಸುವ ಹೊತ್ತಿಗೆ ಮೇಲಿನ ಛತ್ತು ಬಿರುಕು ಬಿಟ್ಟು ಕಬ್ಬಿಣ ಕಾಣುತ್ತಿತ್ತು. ಇಷ್ಟು ಹೇಳುವಾಗಲೂ ಅವಳ ದನಿ ನಡುಗುತ್ತಿರಲಿಲ್ಲ.

"ಅಣ್ಣಾ, ಮ್ಯಾಲಿಂದು ಎಲ್ಲಾ ಹೋತು. ಆದ್ರ ನೀ ಚಿಂತಿ ಮಾಡಬ್ಯಾಡ. ನೀ ವಿಮಾ ಮಾಡ್ಸಿಟ್ಟಿದ್ದಿ ಅಲ್ಲ, ನನಗೇನ ಅಂಜಿಕಿಲ್ಲ."

ಸಂಜೆಯ ಬಸ್ಸಿಗೇ ಹೊರಟೆ. ಆಗಲೂ ನನಗೆ ತಪ್ಪು ಹೊಳೆದಿರಲಿಲ್ಲ ಎಂದು ಹೇಳಬೇಕು. ಹಾನಿ ಹತ್ತು ಲಕ್ಷವಾದರೂ ವಿಮೆ ಹದಿನಾಲ್ಕಕ್ಕೆ ಇದೆಯಲ್ಲ, ಹತ್ತು ಹದಿನಾಲ್ಕರ ಒಳಗೇ ಬಂತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋದೆ. ಬಸ್ಸಿಳಿದು ತಂಗಿಗೂ ಅದನ್ನೇ ಹೇಳಿದೆ. ಒಳ್ಳೆಯ ಗುತ್ತಿಗೆದಾರನನ್ನು ನೋಡು, ಜುಲೈನಲ್ಲಿ ಕಾಲೇಜು ಶುರುವಾಗುವುದರೊಳಗೆ ಕೋಣೆ ತಯಾರಾಗಬೇಕು ಎಂದೆ. ಅಷ್ಟರೊಳಗೆ ಆಗದಿದ್ದರೆ ಹುಡುಗಿಯರು ಬೇರೆ ಕಡೆ ಹೋಗುತ್ತಾರೆ, ಒಮ್ಮೆ ಹೋದವರು ವರ್ಷವಿಡೀ ಬರುವುದಿಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ವಿಮೆಯ ಸರ್ವೇಯರ್ ಮೊದಲ ಸಲ ಬಂದದ್ದು ಮರುದಿನ. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬೆಲ್ಲ ತಿಂದು ನೀರು ಕುಡಿದು, ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾವಶಿ ಅಂತ ತಂಗಿಯನ್ನು ಕರೆದು, ಆ ಬಿಸಿಲಲ್ಲಿ ಎರಡು ತಾಸು ಮೇಲೆ ಅಳೆದ. ಮಸಿ ಮೆತ್ತಿಕೊಂಡು ಇಳಿದು ಬಂದವನಿಗೆ ತಂಗಿ ಕೈ ತೊಳೆಯಲು ನೀರು ಹಾಕಿ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿ ಕಳಿಸಿದಳು. ಸುಟ್ಟ ಸಾಮಾನಿನ ಪಟ್ಟಿಯನ್ನು ನಾನು ಅವನೆದುರೇ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಟ್ಟೆ.

ಜೂನ್ ಮೊದಲ ವಾರ ಎರಡನೆಯ ಸಲ ಬಂದ. ಆ ದಿನ ನಾನೂ ಅಲ್ಲಿದ್ದೆ. ಕಂಪನಿ ಕೊಡುವ ಪರಿಹಾರಕ್ಕೆ ಒಪ್ಪಿದ್ದೇನೆ ಎನ್ನುವ ಒಪ್ಪಿಗೆ ಪತ್ರಕ್ಕೆ ತಂಗಿಯ ಸಹಿ ಬೇಕಿತ್ತು. ಹಾನಿ ಹತ್ತು ಲಕ್ಷ, ಕೈಗೆ ಬರುವುದು ನಾಲ್ಕು ಲಕ್ಷ ಎಂದ. ಹೊಸ್ತಿಲ ಒಳಗೆ ಬಂದು ಕೂಡುತ್ತಿದ್ದಂತೆಯೇ ಈ ಮಾತು ಬಂದದ್ದರಿಂದ ಬೆಲ್ಲದ ತಟ್ಟೆ ತಂಗಿಯ ಕೈಯಲ್ಲೇ ಉಳಿಯಿತು. ವಿಮೆ ಹದಿನಾಲ್ಕಿದೆಯಲ್ಲ ಎಂದಳು. ಅವನು ನಿಧಾನವಾಗಿ ಬಿಡಿಸಿ ಹೇಳಿದ. ಈ ಮನೆಯನ್ನು ಇಡಿಯಾಗಿ ಮತ್ತೆ ಕಟ್ಟಲು ಮೂವತ್ತೈದು ಲಕ್ಷ ಬೇಕು, ವಿಮೆ ಮಾಡಿಸಿದ್ದು ಹದಿನಾಲ್ಕಕ್ಕೆ. ಅಂದರೆ ನೂರರಲ್ಲಿ ನಲವತ್ತು ಪಾಲು ಮಾತ್ರ ಕಂಪನಿಯ ಹೊಣೆ, ಅರವತ್ತು ಪಾಲು ನಿಮ್ಮದೇ ಹೊಣೆ ಅಂತ ನೀವೇ ಬರೆದುಕೊಟ್ಟ ಹಾಗೆ. ಇಡೀ ಮನೆ ಸುಟ್ಟರೂ ಅದೇ ಲೆಕ್ಕ, ಒಂದು ಕೋಣೆ ಸುಟ್ಟರೂ ಅದೇ ಲೆಕ್ಕ.

ಮೂವತ್ತೈದು. ಆ ಹುಡುಗಿ ಬರೆದದ್ದು ಮೂವತ್ತಮೂರು. ಯಂತ್ರ ಸವೆಯುತ್ತದೆ, ಮನೆಯೂ ಸವೆಯುತ್ತದೆ, ನಿಜ. ಆದರೆ ಸುಟ್ಟ ಮನೆ ಕಟ್ಟಲು ಬರುವ ಗವಂಡಿ ಸವೆದ ಕೂಲಿ ತೆಗೆದುಕೊಳ್ಳುವುದಿಲ್ಲ, ಅಂಗಡಿಯವನು ಹತ್ತು ವರ್ಷದ ಹಿಂದಿನ ದರಕ್ಕೆ ಸಿಮೆಂಟು ಕೊಡುವುದಿಲ್ಲ. ಇಷ್ಟು ತಿಳಿಯಲು ಕಾರ್ಖಾನೆ ಬೇಕಾಗಿರಲಿಲ್ಲ. ಅಡುಗೆ ಮನೆಯಲ್ಲಿ ಒಂದು ಕುಕ್ಕರ್ ಕೆಟ್ಟರೆ ಹೊಸದಕ್ಕೆ ಎಷ್ಟಾಗುತ್ತದೆ ಎಂದು ತಂಗಿಗೇ ಗೊತ್ತಿತ್ತು.

ತಂಗಿ ಸಿಡಿದೆದ್ದಳು. ಹೆಣದ ಮೇಲಿನ ಬಟ್ಟೆ ಬಿಡದವರು ನೀವು, ವಿಧವೆಯ ಮನೆ ಅಂತ ಹೆದರಿಸಲು ಬಂದಿರಿ, ನೀನೆಷ್ಟು ತಿಂದೆ ಹೇಳು ಎಂದೆಲ್ಲ ಕನ್ನಡ ಮರಾಠಿ ಕಲಸಿ ಬೈದಳು. ಅವನ ತೊಡೆಯ ಮೇಲಿನ ಕಡತ ತೆರೆದೇ ಇತ್ತು. ಅದರಲ್ಲಿ ಮೇಲೆಯೇ ಆ ಅರ್ಜಿ, ಗೆರೆ ಹೊಡೆದ ಮೂವತ್ತಮೂರು, ಪಕ್ಕದಲ್ಲಿ ನನ್ನ ಅಕ್ಷರ. ನಾನು ಕಂಡೆ. ನಾನು ಕಂಡದ್ದನ್ನು ಅವನೂ ಕಂಡ. ತಂಗಿ ಹತ್ತಿರ ಬರುತ್ತಿದ್ದಂತೆ ಆ ಹಾಳೆಯನ್ನು ಮಗುಚಿ ಕಡತ ಮುಚ್ಚಿದ.

"ನಮ್ಮಣ್ಣ ಜನ್ಮೆಲ್ಲಾ ಇದನ್ನಽ ಮಾಡಿದಾಂವ. ಅವನ್ನ ಕೇಳು. ಅಣ್ಣಾ, ನೀ ಹೇಳು ಇವಗ."

ಹೇಳಬೇಕಿತ್ತು. ಒಂದೇ ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ, ಚಷ್ಮಾ ಏರಿಸಿದೆ. ಒಪ್ಪಿಗೆ ಪತ್ರ ಓದುವವನ ಹಾಗೆ ಓದಿ, ಗಂಟಲು ಸರಿಮಾಡಿಕೊಂಡು, ಈಗ ಸಹಿ ಹಾಕುವುದಿಲ್ಲ, ಮೇಲಿನವರಿಗೆ ಬರೆಯುತ್ತೇವೆ ಎಂದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಎದ್ದು ನಿಂತು, ಮಾವಶಿ, ಒಂದು ಲೋಟ ನೀರು ಕೊಡುತ್ತೀರಾ ಎಂದು ಕೇಳಿದ. ತಂಗಿ ತಟ್ಟೆ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬರಲಿಲ್ಲ. ಅವನು ಎದುರು ಮನೆಯ ನಳಕ್ಕೆ ಬೊಗಸೆಯೊಡ್ಡಿ ಕುಡಿದು, ಮುಖ ಒರೆಸಿಕೊಂಡು ಗಾಡಿ ಹತ್ತಿ ಹೋದದ್ದನ್ನು ಕಿಟಕಿಯಿಂದ ನೋಡಿದೆ. ನಾನಾದರೂ ಎದ್ದು ನೀರು ಕೊಡಬಹುದಿತ್ತು. ಕೊಡ ಎಲ್ಲಿದೆ ಎಂದು ಗೊತ್ತಿತ್ತಲ್ಲ.

ಅವನ ಮೇಲೆ ದೂರು ಬರೆಯಲು ತಂಗಿ ಹೇಳಿದಳು. ನಾಶಿಕಕ್ಕೆ ಬಂದು ಬರೆದೆ. ನಾಚಿಕೆಗೇಡಿ ನಾನು, ಚೆನ್ನಾಗಿಯೇ ಬರೆದೆ. ಪಕ್ಷಪಾತ, ಅಸಡ್ಡೆ, ವಿಧವೆಗೆ ಅನ್ಯಾಯ, ಎಲ್ಲ ಪದಗಳೂ ಬಂದವು. ಲಕೋಟೆಗೆ ಹಾಕಿ ಅಂಟಿಸಿದೆ. ಆ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುವ ಕಾಗದ ಎಂದು ತಿಳಿದು ಅಂಚೆಗೆ ಹಾಕಲು ಮಾತ್ರ ಕೈ ಬರಲಿಲ್ಲ. ಹರಿದು ಒಗೆಯಲೂ ಕೈ ಬರಲಿಲ್ಲ. ತಂಗಿ ದಿನಾ ಫೋನಿನಲ್ಲಿ ಕೇಳುತ್ತಿದ್ದಳು, ಹಾಕಿದೆಯಾ, ಉತ್ತರ ಬಂತಾ ಎಂದು. ಹಾಕಿದೆ, ಬರುತ್ತದೆ ಅನ್ನುತ್ತಿದ್ದೆ. ಆ ಉತ್ತರದ ಹಾದಿ ಕಾಯುತ್ತ ಅವಳು ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಆ ನಾಲ್ಕು ಲಕ್ಷವೂ ಬರಲಿಲ್ಲ, ಕೆಲಸ ಶುರುವಾಗಲಿಲ್ಲ. ಜೂನ್ ಅರ್ಧ ದಾಟಿ ಮಳೆ ಬಂತು. ಬಿರುಕು ಬಿಟ್ಟ ಛತ್ತಿನಿಂದ ನೀರು ಕೆಳಗಿನ ಅವಳ ದೇವರ ಕೋಣೆಗೂ ಇಳಿಯಿತು. ಇಬ್ಬರು ಹುಡುಗಿಯರು ಫೋನ್ ಮಾಡಿ, ಆಂಟಿ, ನಾವು ಬೇರೆ ಕಡೆ ನೋಡಿಕೊಂಡೆವು ಎಂದರಂತೆ. ಅದನ್ನು ಹೇಳುವಾಗ ಮೊದಲ ಸಲ ಅವಳ ದನಿ ನಡುಗಿತು.

ಆ ದಿನ ನನ್ನ ಹೆಂಡತಿ ಮೇಜಿನ ಖಾನೆಯಲ್ಲಿ ಲಕೋಟೆ ನೋಡಿದಳು. ಕೇಳಿದಳು. ಎಲ್ಲ ಹೇಳಿದೆ. ಆಕೆ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಲಕೋಟೆಯನ್ನು ನನ್ನ ಮುಂದೆ ಇಟ್ಟಳು.

"ಆಕಿ ಛತ್ತು ಸೋರಿದ್ರೂ ನಡೀತದ, ನಿಮ್ಮ ಹೆಸರಿಗೆ ಮಾತ್ರ ಹನಿ ಬೀಳಬಾರದಲ್ರೀ?"

ಬೆಳಿಗ್ಗೆಯ ಮೊದಲ ಬಸ್ಸಿಗೆ ಹೊರಟೆ. ಯೇವಲಾ ದಾಟುವವರೆಗೂ ಹೇಗೆ ಹೇಳಬೇಕು ಎಂದು ಮಾತು ಜೋಡಿಸಿದೆ. ಏಜೆಂಟ್ ಸರಿಯಾಗಿ ಬಿಡಿಸಿ ಹೇಳಲಿಲ್ಲ ಎನ್ನಲೇ? ಹೇಳಿದ್ದಳು. ನಿಯಮ ಬದಲಾಯಿತು ಎನ್ನಲೇ? ಆಗಿರಲಿಲ್ಲ. ವೈಜಾಪುರದ ಹೊತ್ತಿಗೆ ಜೋಡಿಸಿದ್ದೆಲ್ಲ ಉದುರಿಹೋಗಿ ಬರೀ ನಿಜ ಉಳಿಯಿತು.

ತಂಗಿ ಮೇಲಿದ್ದಳು, ಸುಟ್ಟ ಕೋಣೆಯ ಗೋಡೆಯ ಮಸಿಯನ್ನು ಪೊರಕೆಯಿಂದ ಉಜ್ಜುತ್ತಿದ್ದಳು. ಸೆರಗು ಕಟ್ಟಿದ ತಲೆಯ ಮೇಲೆಲ್ಲ ಕರಿ. ಒಂದು ಮಾತು ಹೇಳಬೇಕಿದೆ ಎಂದೆ. ಕೂತು ಹೇಳು ಎಂದಳು. ಕೂಡಲು ಏನೂ ಇರಲಿಲ್ಲ. ನಿಂತೇ ಹೇಳಿದೆ. ಆ ಹುಡುಗಿ ಮೂವತ್ತಮೂರು ಬರೆದಿದ್ದಳು, ಹೊಡೆದು ಹದಿನಾಲ್ಕು ಮಾಡಿದ್ದು ನಾನು. ಸರ್ವೇಯರ್ ಹೇಳಿದ್ದು ಅಕ್ಷರಶಃ ನಿಜ. ನೀನು ಬೈಯುವಾಗ ನನಗೆ ಗೊತ್ತಿತ್ತು. ದೂರು ಅಂಚೆಗೆ ಹಾಕಿಲ್ಲ, ಹಾಕಿದೆ ಅಂತ ಸುಳ್ಳು ಹೇಳಿದೆ. ಕೆಲಸ ನಿಂತದ್ದು, ಹುಡುಗಿಯರು ಹೋದದ್ದು, ಎಲ್ಲ ನನ್ನಿಂದ.

ಅವಳು ಪೊರಕೆ ಕೆಳಗಿಟ್ಟಳು. ಅಳುತ್ತಾಳೆ, ಇಲ್ಲ ಕಪಾಳಕ್ಕೆ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅಂವ ನೀರು ಕೇಳಿದ್ದ ಅಣ್ಣಾ," ಎಂದಳು. "ಬಿಸಲಾಗ ಬಂದು ನೀರು ಕೇಳಿದ್ದ. ನಾ ಕೊಡಲಿಲ್ಲ."

ನನ್ನ ಕಡೆ ಇದ್ದ ಹಣದಲ್ಲಿ ಉಳಿದ ಆರು ಲಕ್ಷ ಕೊಡುತ್ತೇನೆ ಎಂದೆ. ಬೇಡ ಎನ್ನುತ್ತಾಳೆ, ನಾನು ಒತ್ತಾಯಿಸಬೇಕಾಗುತ್ತದೆ ಎಂದು ಎಲ್ಲೋ ಆಸೆಯಿತ್ತು. ಅವಳು ನನ್ನ ಮುಖ ನೋಡದೆಯೇ, ಕೊಡು, ಕೊಡಬೇಕು ನೀನು ಎಂದಳು. ಆಮೇಲೆ ಸರ್ವೇಯರ್‌ಗೆ ಫೋನ್ ಹಚ್ಚು ಎಂದಳು. ನನ್ನ ಬಾಯಿಂದಲೇ ಅವನಿಗೂ ಹೇಳಿಸಿದಳು. ಆ ಕಡೆಯಿಂದ ಅವನು, ಗೊತ್ತಿತ್ತು ಕಾಕಾ, ಸಾಮಾನಿನ ಪಟ್ಟಿ ನೀವು ನನ್ನೆದುರೇ ಬರೆದಿದ್ದಿರಲ್ಲ, ಅಕ್ಷರ ಗುರುತು ಸಿಕ್ಕಿತ್ತು, ಅಣ್ಣ ತಂಗಿಯ ನಡುವೆ ನಾನೇಕೆ ಬರಲಿ ಎಂದು ಸುಮ್ಮನಿದ್ದೆ ಎಂದ. ಸಂಜೆ ನಾಲ್ಕಕ್ಕೆ ಬಂದು ಸಹಿ ತೆಗೆದುಕೊಂಡು ಹೋಗುತ್ತೇನೆ ಎಂದ.

ನಾಲ್ಕಕ್ಕೆ ಸರಿಯಾಗಿ ಬಂದ. ಹೊರಗಿನ ಕೋಣೆಯಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ನನಗೆ ಅವನ ಮುಖ ನೋಡಲು ಆಗಲಿಲ್ಲ, ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ನೋಡುತ್ತ ಕೂತೆ. ತಂಗಿ ಸ್ನಾನ ಮಾಡಿ ಸೀರೆ ಬದಲಿಸಿ ಹೊರಗೆ ಬಂದಳು. ಅವನೆದುರು ನಿಂತು, ತಪ್ಪಾತು ತಮ್ಮಾ ಎಂದಳು. ಅವನು ಎದ್ದು ನಿಂತು, ಇಲ್ಲ ಮಾವಶಿ ಎಂದ. ಅವಳು ಒಳಗೆ ಹೋಗಿ ತಟ್ಟೆ ತಂದಳು. ಅವನಿಗೆ ಬೆಲ್ಲ ಕೊಟ್ಟಳು, ನೀರು ಕೊಟ್ಟಳು.

ಆಮೇಲೆ ನನ್ನ ಕಡೆ ತಿರುಗಿದಳು. ತಟ್ಟೆಯಲ್ಲಿ ಇನ್ನೊಂದು ಬೆಲ್ಲದ ಚೂರಿತ್ತು, ಇನ್ನೊಂದು ತಂಬಿಗೆ ಇತ್ತು. ಬಾಗಿ ನನ್ನ ಮುಂದೆ ಹಿಡಿದಳು.

"ತಗೋರಿ," ಎಂದಳು. ಹುಟ್ಟಿದಾಗಿನಿಂದ ನನಗೆ ನೀ ಅಂದವಳು.

ಕೋಣೆಗಳು ದಸರೆಯ ಹೊತ್ತಿಗೆ ಆದವು. ಈ ವರ್ಷ ಒಬ್ಬಳೇ ಹುಡುಗಿ ಇದ್ದಾಳೆ. ಹೊಸ ವಿಮೆಯ ಅರ್ಜಿಯನ್ನು ತಂಗಿ ಆ ಏಜೆಂಟ್ ಹುಡುಗಿಯನ್ನೇ ಕರೆಸಿ, ಟೇಪಿನ ಇನ್ನೊಂದು ತುದಿ ತಾನೇ ಹಿಡಿದು ಅಳೆಸಿ ತುಂಬಿದಳು. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಬಾಗಿಲು ತೆರೆದು, ಬರ್ರಿ ಅನ್ನುತ್ತಾಳೆ. ಬೆಲ್ಲ ನೀರು ತರುತ್ತಾಳೆ. ನೀರಿನ ಕೊಡ ಅಲ್ಲೇ ಅಡುಗೆ ಮನೆಯ ಬಾಗಿಲ ಪಕ್ಕದಲ್ಲಿದೆ, ಕೂತಲ್ಲಿಂದ ಕಾಣುತ್ತದೆ. ನಾನು ತಟ್ಟೆಯಲ್ಲಿದ್ದದ್ದನ್ನು ತಿಂದು, ತಂಬಿಗೆಯಲ್ಲಿದ್ದದ್ದನ್ನು ಕುಡಿದು, ಕೂತಿರುತ್ತೇನೆ.